ಆಣೆವಾರಿ: ಗೋಕಾಕ ಸೀಮೆಯ ಬೆಳೆಯ ಅಂದಾಜು

ಗೋಕಾಕ, ಹುಕ್ಕೇರಿ ತಾಲ್ಲೂಕುಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಮೂಡಲಗಿ ಆಗ ಗೋಕಾಕ ತಾಲ್ಲೂಕಿನ ಭಾಗ. ಅಲ್ಲಿ ಭೂಕಂದಾಯವು ಸಾಮಾನ್ಯವಾಗಿ 30 ವರ್ಷಗಳಿಗೆ ಸ್ಥಿರವಾಗಿರುತ್ತಿದ್ದುದರಿಂದ, ಮಳೆ ಕೈಕೊಟ್ಟ ವರ್ಷ ರೈತನಿಗಿದ್ದ ಆಸರೆ ವಸೂಲಿಯ ಮುಂದೂಡಿಕೆ ಅಥವಾ ಮಾಫಿಯೊಂದೇ. ಅದನ್ನು ನಿರ್ಣಯಿಸುತ್ತಿದ್ದುದು ಆಣೆವಾರಿ.

ಪೂರ್ಣ ಬೆಳೆಯನ್ನು 16 ಆಣೆಯೆಂದೆಣಿಸಿ, ಹೊಲದಲ್ಲಿ ನಿಂತ ಜೋಳ, ಸಜ್ಜೆಗಳನ್ನು ಕಂದಾಯದ ಅಧಿಕಾರಿಗಳು ಕಣ್ಣಳತೆಯಿಂದ ಅಂದಾಜು ಮಾಡುತ್ತಿದ್ದರು. ಕಂದಾಯ ವಸೂಲು ಮಾಡುವವರೇ ಬೆಳೆಯನ್ನೂ ಅಳೆಯುವುದು ಈ ಪದ್ಧತಿಯ ಮೂಲದೋಷವೆಂದು ನಾವು ಭಾವಿಸುತ್ತೇವೆ. ಅದೇ ಪ್ರಾಂತದ ಖೇಡಾ ಜಿಲ್ಲೆಯಲ್ಲಿ 1918ರಲ್ಲಿ ಗಾಂಧೀಜಿಯವರು ನಡೆಸಿದ ಸತ್ಯಾಗ್ರಹದ ತಿರುಳೂ ಇದೇ. ಬೆಳೆ 4 ಆಣೆಗಿಂತ ಕಡಿಮೆಯಾದರೆ ಆ ವರ್ಷದ ವಸೂಲಿಯನ್ನು ತಡೆಹಿಡಿಯಬೇಕಿತ್ತು. ರೈತರ ಎಣಿಕೆ ಅದಕ್ಕಿಂತ ಕೆಳಗಿತ್ತು, ಸರಕಾರದ್ದು ಮೇಲಿತ್ತು.

1940ರ ದಶಕದಲ್ಲಿ ಸುಖಾತ್ಮೆ, ಪಾನ್ಸೆಯವರು ಬೆಳೆಸಿದ ಕ್ರಮದಲ್ಲಿ, ಯಾದೃಚ್ಛಿಕವಾಗಿ ಆರಿಸಿದ ಹೊಲದ ಗೊತ್ತಾದ ತುಂಡಿನಲ್ಲಿ ಬೆಳೆಯನ್ನು ಕೊಯ್ದು, ಒಕ್ಕಿ, ತೂಗಲಾಗುತ್ತದೆ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯ ಪರಿಹಾರಕ್ಕೂ ಇಂಥ ಕೊಯ್ಲಿನ ಪ್ರಯೋಗಗಳು ಆಧಾರವಾದವು. ಆದರೆ ಆರಿಸಿದ ಹೊಲ ಯಾವುದು, ತೂಗಿದವರು ಯಾರು ಎಂಬುದು ಊರವರಿಗೆ ತಿಳಿಯದಿದ್ದರೆ ತಕ್ಕಡಿಯ ಮೇಲೂ ಆಣೆವಾರಿಯ ಹಳೆಯ ಸಂಶಯವೇ ಮರಳುವುದು.