ಹುರಿ ದ್ವೀಪದ್ದು, ದರ ದಡದ್ದು

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದ ಫೋಟೋ ಬಂದದ್ದೇ ತಡ, ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಟ್ರಿಪ್ ಪ್ಲ್ಯಾನ್ ಶುರುವಾಯ್ತು. ಜೊತೆಗೇ ಒಂದು ಪ್ರಶ್ನೆಯೂ ಬಂತು: "ನಮ್ಮದೇ ದೇಶ, ಪರ್ಮಿಟ್ ಯಾಕ್ರೀ?"

ಪರ್ಮಿಟ್ಟಿನ ನಿಯಮ 1967ರದ್ದು. ಅಲ್ಲಿನ ಮೂಲನಿವಾಸಿಗಳು ಪರಿಶಿಷ್ಟ ಪಂಗಡದವರು. ಹೊರಗಿನವರು ಹೋಗಿ ಬರುವುದಕ್ಕೂ ನೆಲೆಸುವುದಕ್ಕೂ ಮಿತಿ ಇದೆ. ಕಾನೂನಿನ ಉತ್ತರ ಇಷ್ಟೇ. ಆದರೆ ಹೊರಗಿನವರನ್ನು ದ್ವೀಪದವರು ಯಾಕೆ ಸ್ವಲ್ಪ ಅಳೆದು ನೋಡಬೇಕು ಅನ್ನೋದಕ್ಕೆ ಇನ್ನೂ ಹಳೆಯ ಕಥೆ ಇದೆ. ಅದರಲ್ಲಿ ನಮ್ಮ ಮಂಗಳೂರೂ ಒಂದು ಪಾತ್ರ.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ – ಉತ್ತರದ ಈ ದ್ವೀಪಗಳನ್ನು ಅಮಿನ್‌ದೀವಿ ಅಂತಿದ್ದರು. ಆಳುತ್ತಿದ್ದದ್ದು ಕಣ್ಣೂರಿನ ಅರಕ್ಕಲ್ ಮನೆತನ. ಇಲ್ಲಿ ಬೆಳೆಯುವುದು ತೆಂಗು, ಬೇಕಾಗಿರುವುದು ಅಕ್ಕಿ. ಹೆಂಗಸರು ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಲ್ಲಿ ನೆನೆಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಓಡಗಳಲ್ಲಿ ದಡಕ್ಕೆ ಸಾಗಿಸುತ್ತಿದ್ದರು. ಹದಿನೆಂಟನೇ ಶತಮಾನದಲ್ಲಿ ಅರಸು ಮನೆತನ ಹುರಿಯ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಬೇರೆ ಯಾರಿಗೂ ಮಾರುವಂತಿಲ್ಲ, ಅವರು ಹೇಳಿದ್ದೇ ದರ.

ಕೊನೆಗೆ ಅಮಿನಿಯ ಜನ ತಡೆಯಲಾರದೆ ಮಂಗಳೂರಿಗೆ ಬಂದು, ನಮ್ಮನ್ನು ನೀವೇ ಆಳಿ ಅಂತ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಐದೂ ದ್ವೀಪಗಳು ಅವನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರದ ಪಾಲಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ಆಗಲೂ ಏನಾಯ್ತು? ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಬೇಕು, ಬದಲಿಗೆ ಸರ್ಕಾರ ನಿಗದಿ ಮಾಡಿದ ಲೆಕ್ಕದಲ್ಲಿ ಅಕ್ಕಿ. ಆಳುವವರು ಬದಲಾದರು, ತಕ್ಕಡಿ ಮಾತ್ರ ದಡದಲ್ಲೇ ಉಳಿಯಿತು.

1956ರ ನವೆಂಬರ್ 1ರಂದು, ಅಂದರೆ ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ, ಈ ದ್ವೀಪಗಳು ನಮ್ಮ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಹೋದವು. ನಂಟು ಪೂರ್ತಿ ಕಡಿದಿಲ್ಲ. ಸಿಮೆಂಟು, ಜಲ್ಲಿ, ತರಕಾರಿ ತುಂಬಿದ ಮಂಜಿಗಳು ಮಂಗಳೂರಿನ ಹಳೇ ಬಂದರಿನಿಂದ ಹೊರಡುತ್ತಲೇ ಬಂದಿವೆ.

'ಸುಸ್ಥಿರ ಪ್ರವಾಸ' ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಈ ತಕ್ಕಡಿ ನೆನಪಾಗುತ್ತೆ. ಪ್ಲಾಸ್ಟಿಕ್ ಬಾಟಲಿ ಒಯ್ಯಬೇಡಿ, ಹವಳ ಮುಟ್ಟಬೇಡಿ – ಎಲ್ಲ ಸರಿ, ಮಾಡಲೇಬೇಕು. ಆದರೆ ಅಸಲು ಲೆಕ್ಕ ನೀರಿನದು. ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನ 64,473. ಹೊಳೆ ಇಲ್ಲ, ಕೆರೆಕಟ್ಟೆಯಿಲ್ಲ. ಮಳೆನೀರು ಮರಳಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಂತಿರುತ್ತೆ. ಬಾವಿಯಲ್ಲಿ ಸಿಗೋದು ಅದೇ. ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತೆ. ಶೌಚದ ಗುಂಡಿ ಸೋರಿದರೆ ಅದೂ ಅಲ್ಲಿಗೇ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು, ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ್ದು. ದೊಡ್ಡ ಸಂಗತಿಯೇ. ಆದರೆ ಅಷ್ಟನ್ನೂ ನಮ್ಮ ದೊಡ್ಡ ಅಪಾರ್ಟ್‌ಮೆಂಟುಗಳು ಒಂದೇ ದಿನದಲ್ಲಿ ಖರ್ಚು ಮಾಡಿ ಮುಗಿಸುತ್ತವೆ.

ಹಾಗಾದರೆ ಹೋಗಲೇಬಾರದಾ? ಹೋಗಬೇಕು ಅಂತಲೇ ನನ್ನ ವಾದ. ಪ್ರವಾಸಿಗರ ದುಡ್ಡು ಅಲ್ಲಿಗೂ ಬೇಕು. ಬುಕ್ ಮಾಡುವ ಮುಂಚೆ ಮೂರು ವಿಷಯ ಕೇಳಿ: ರೂಮಿನ ನೀರು ಎಲ್ಲಿಂದ, ಕಸ ಎಲ್ಲಿಗೆ, ನಾವು ಕೊಡುವ ದುಡ್ಡಿನಲ್ಲಿ ದ್ವೀಪದಲ್ಲೇ ಉಳಿಯುವುದೆಷ್ಟು. ಜಾಗ ಎಷ್ಟು, ಜನ ಎಷ್ಟು, ದರ ಎಷ್ಟು ಅನ್ನೋದನ್ನು ಅಲ್ಲಿಯವರೂ ಕೂತು ನಿರ್ಧರಿಸುತ್ತಾರಾ, ಅಥವಾ ಎಲ್ಲಾ ದಡದಲ್ಲೇ ತೀರ್ಮಾನ ಆಗುತ್ತಾ ಅಂತಲೂ ನೋಡಿ.

ಅಕ್ಕಿಗೆ ಹುರಿ ಕೊಟ್ಟ ಕಾಲದಲ್ಲಿ ಅಲ್ಲಿಯ ಹೆಂಗಸರನ್ನು ದರ ಎಷ್ಟಿರಬೇಕಮ್ಮಾ ಅಂತ ಯಾರೂ ಕೇಳಲಿಲ್ಲ. ಈಗ ಮಾರಾಟಕ್ಕಿರುವುದು ಅವರ ಕಡಲು. ಈ ಸಲವಾದರೂ ಕೇಳೋಣ.