ಬೀದಿಯ ಬಾಯಿ, ಬಲ್ಲವರ ಕಿವಿ

ಕಳೆದ ಈದಿನ ಮರುದಿನ ಮನೆಯಲ್ಲಿ ನೆಂಟರಿಷ್ಟರು ಸೇರಿದ್ದಾಗ ಒಂದು ಸಣ್ಣ ಜಟಾಪಟಿ ನಡೆಯಿತು. ಕಾಲೇಜಿಗೆ ಹೋಗುವ ನಮ್ಮ ಹುಡುಗನೊಬ್ಬ ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಯಾವುದೋ ರ‍್ಯಾಪ್ ಹಚ್ಚಿಕೊಂಡಿದ್ದ. ಹಾಡೂ ಅಲ್ಲದ ಮಾತೂ ಅಲ್ಲದ ಆ ಗಡಗಡ ಸದ್ದಿಗೆ ಖಾಲೂಜಾನ್ ಕೆರಳಿದರು. "ಏ ಕ್ಯಾ ಬಾಜಾರಿ ಬಾತಾಂ ರೇ? ಬಂದ್ ಕರ್" ಎಂದು ಗದರಿದರು. ಹುಡುಗ ತೆಪ್ಪಗೆ ಬಂದ್ ಮಾಡಿದ. ಶೀರ್‌ಕುರ್ಮಾದ ಎರಡನೆಯ ಬಟ್ಟಲು ಮುಗಿಯುವ ಹೊತ್ತಿಗೆ ಖಾಲೂಜಾನರಿಗೆ ಲಹರಿ ಬಂದು, ತಮ್ಮ ಅಚ್ಚುಮೆಚ್ಚಿನ ನಝೀರ್ ಅಕ್ಬರಾಬಾದಿಯವರ ‘ಬಂಜಾರಾನಾಮಾ’ವನ್ನು ಬಾಯಿಪಾಠ ಒಪ್ಪಿಸತೊಡಗಿದರು. ನಮಗೆ ಒಳಗೊಳಗೇ ನಗು.

ನಗುವಿಗೆ ಕಾರಣವಿದೆ. ‘ಬಾಜಾರಿ’ ಎಂಬ ಇದೇ ಬೈಗುಳವನ್ನು ಒಂದು ಕಾಲದಲ್ಲಿ ನಝೀರರೂ ತಿಂದವರೇ. 1830ರಲ್ಲಿ ತೀರಿಕೊಂಡ ಆಗ್ರಾದ ಈ ಕವಿ ರೊಟ್ಟಿಯ ಮೇಲೆ, ಕಾಸಿನ ಮೇಲೆ, ಹೋಳಿಯ ಮೇಲೆ, ಕರಡಿಮರಿಯ ಮೇಲೆ ಪದ್ಯ ಕಟ್ಟಿದವರು. ನವಾಬ್ ಮುಸ್ತಫಾ ಖಾನ್ ಶೇಫ್ತಾ ತಮ್ಮ ‘ಗುಲ್ಶನೆ ಬೇಖಾರ್’ ಎಂಬ ಕವಿಚರಿತ್ರೆಯಲ್ಲಿ, ಈತನ ಪದ್ಯಗಳು ಪೇಟೆ ಬೀದಿಯವರ ನಾಲಿಗೆಯ ಮೇಲಿರುವಂಥವು, ಆದುದರಿಂದ ಈತನನ್ನು ಕವಿಗಳ ಸಾಲಿನಲ್ಲಿ ಎಣಿಸುವುದು ಸಲ್ಲ ಎಂಬರ್ಥದ ತೀರ್ಪು ಕೊಟ್ಟರು. ಆ ತೀರ್ಪು ಬಹುಕಾಲ ನಡೆಯಿತು. 1954ರಲ್ಲಿ ಹಬೀಬ್ ತನ್ವೀರ್ ‘ಆಗ್ರಾ ಬಾಜಾರ್’ ನಾಟಕವಾಡಿಸಿ ನಝೀರರನ್ನು ಮತ್ತೆ ಅದೇ ಪೇಟೆಯ ನಡುವೆ ನಿಲ್ಲಿಸಿದಾಗ, ಅವರು ಸತ್ತು ನೂರಿಪ್ಪತ್ತು ವರ್ಷ ದಾಟಿತ್ತು.

ರ‍್ಯಾಪ್ ಹಾಡುವವರ ಬಗ್ಗೆ ಜನ ಏನೆಂದುಕೊಂಡರು ಎಂಬ ಚರಿತ್ರೆಯನ್ನು ಓದುವಾಗಲೆಲ್ಲ ನಮಗೆ ಶೇಫ್ತಾ ನೆನಪಾಗುತ್ತಾರೆ. ಅಲ್ಲಿಯೂ ಮೊದಲು ವಿಚಾರಣೆಗೆ ಗುರಿಯಾದದ್ದು ಪದ್ಯವಲ್ಲ, ಪದ್ಯ ಹುಟ್ಟಿದ ಬೀದಿ.

ಆ ಬೀದಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್. ಎರಡನೇ ಮಹಾಯುದ್ಧದ ನಂತರ ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿ ಆ ಬಡಾವಣೆಯ ಎದೆ ಸೀಳಿಕೊಂಡು ಹೆದ್ದಾರಿಯೊಂದನ್ನು ಹಾಯಿಸಿದ. ಈಸ್ಟ್ ಟ್ರೆಮಾಂಟ್ ಎಂಬಲ್ಲಿ ಒಂದೇ ಮೈಲಿಯ ರಸ್ತೆಗಾಗಿ ಸುಮಾರು 1,500 ಕುಟುಂಬಗಳು ಮನೆ ಬಿಟ್ಟವು. ಇದ್ದವರು ಹೋದರು, ಕಾರ್ಖಾನೆಗಳು ಹೋದವು, ಬಾಡಿಗೆ ಕುಸಿಯಿತು. ನಗರಸಭೆ ಖರ್ಚು ಉಳಿಸಲು ಅಗ್ನಿಶಾಮಕ ಠಾಣೆಗಳನ್ನೇ ಮುಚ್ಚಿತು. ವಿಮೆಯ ಹಣದಾಸೆಗೆ ತಮ್ಮ ಕಟ್ಟಡಗಳಿಗೆ ತಾವೇ ಬೆಂಕಿ ಹಚ್ಚಿಸಿದ ಮಾಲೀಕರೂ ಇದ್ದರು. 1970 ಮತ್ತು 1980ರ ನಡುವೆ ಬ್ರಾಂಕ್ಸಿನ ಏಳು ಗಣತಿ ವಿಭಾಗಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಕಟ್ಟಡಗಳು ಬೆಂಕಿಗೂ ಪಾಳುಬೀಳುವಿಕೆಗೂ ಬಲಿಯಾದವು. ಯುದ್ಧ ನಡೆಯದ ಊರಿನ ಲೆಕ್ಕ ಇದು.

ಇಂಥ ಕಡೆ, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ, 11 ಆಗಸ್ಟ್ 1973ರಂದು ಹುಡುಗಿಯೊಬ್ಬಳು ಒಂದು ಸಂತೋಷಕೂಟ ಏರ್ಪಡಿಸಿದಳು. ಸಿಂಡಿ ಕ್ಯಾಂಪ್‌ಬೆಲ್ ಅವಳ ಹೆಸರು. ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಲು ಅವಳಿಗೆ ಹಣ ಬೇಕಿತ್ತು. ಪ್ರವೇಶ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಜಮೈಕಾದಿಂದ ಬಂದಿದ್ದ ಅವಳ ಅಣ್ಣ ಕ್ಲೈವ್, ಮುಂದೆ ಕೂಲ್ ಹರ್ಕ್ ಎಂದು ಹೆಸರಾದವನು, ರೆಕಾರ್ಡುಗಳನ್ನು ಹಚ್ಚಲು ನಿಂತ. ಹಾಡಿನಲ್ಲಿ ಗಾಯನ ನಿಂತು ಬರೀ ತಾಳ ಉಳಿಯುವ ಕಡೆ ಜನ ಹೆಚ್ಚು ಕುಣಿಯುತ್ತಾರೆಂಬುದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಯಂತ್ರಗಳಲ್ಲಿಟ್ಟು, ಒಂದರ ತಾಳ ಮುಗಿಯುತ್ತಲೇ ಇನ್ನೊಂದರಲ್ಲಿ ಮೊದಲಿನಿಂದ ಹಚ್ಚಿ, ಅರೆನಿಮಿಷದ ತಾಳವನ್ನು ಬೇಕಾದಷ್ಟು ಎಳೆಯುವ ಉಪಾಯ ಅವನದು. ಆ ತಾಳದ ಮೇಲೆ ಮೈಕು ಹಿಡಿದು ಪ್ರಾಸ ಕಟ್ಟಿ ಕರೆದವರೇ ಮುಂದಿನ ರ‍್ಯಾಪರುಗಳು. ವಾದ್ಯ ಕೊಳ್ಳಲು, ಕಲಿಯಲು ಕಾಸಿಲ್ಲದವರ ವಿದ್ಯೆಯಿದು.

ಆರು ವರ್ಷ ಇದು ಅಂಗಳದ ಕಲೆಯಾಗಿಯೇ ಇತ್ತು. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಎಂಬ ಹಾಡು ಲಕ್ಷಗಟ್ಟಲೆ ಮಾರಾಟವಾದಾಗ ಹೊರಗಿನವರು ಇದೊಂದು ಮೋಜು, ನಾಲ್ಕು ದಿನದ ಹುಚ್ಚು ಎಂದರು. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ಹೆಸರಲ್ಲಿ ‘ದಿ ಮೆಸೇಜ್’ ಬಂತು. ತಂಡದವರಿಗೇ ಅದನ್ನು ಹಾಡಲು ಮೊದಲು ಮನಸ್ಸಿರಲಿಲ್ಲವಂತೆ. ಕುಣಿಯಲು ಬಂದವರಿಗೆ ಮುರಿದ ಗಾಜು, ಸಾಲ, ಇಲಿಗಳ ಕತೆ ಯಾಕೆ ಎಂಬ ಅಳುಕು. ಉರ್ದು ಓದಿದವರಿಗೆ ಇದು ಹೊಸತಲ್ಲ. ಹಾಳಾದ ಪಟ್ಟಣದ ಮೇಲಿನ ಪದ್ಯಕ್ಕೆ ನಮ್ಮಲ್ಲಿ ‘ಶಹರ್‌ಆಶೋಬ್’ ಎಂಬ ಹೆಸರೇ ಇದೆ. ಸೌದಾ ದಿಲ್ಲಿಗೆ ಬರೆದರು, ನಝೀರರು ಕೆಲಸವಿಲ್ಲದೆ ಕೈಕಟ್ಟಿ ಕುಳಿತ ಆಗ್ರಾದ ಕಸುಬುದಾರರಿಗೆ ಬರೆದರು. ‘ದಿ ಮೆಸೇಜ್’ ಬ್ರಾಂಕ್ಸಿನ ಶಹರ್‌ಆಶೋಬ್ ಎಂದರೆ ತಪ್ಪಾಗಲಾರದು. 2002ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯವು ಶಾಶ್ವತವಾಗಿ ಕಾಪಾಡಲು ಆರಿಸಿದ ಮೊದಲ ಐವತ್ತು ಧ್ವನಿಮುದ್ರಿಕೆಗಳಲ್ಲಿ ಇದೂ ಒಂದಾಯಿತು.

ಮೋಜೆಂದು ನಕ್ಕವರು ಹೆದರಿದ್ದು ರ‍್ಯಾಪ್ ಲಾಸ್ ಏಂಜಲೀಸಿಗೆ ಹೋದ ಮೇಲೆ. ಎನ್‌ಡಬ್ಲ್ಯುಎ ಎಂಬ ತಂಡ 1988ರಲ್ಲಿ ಪೊಲೀಸರನ್ನು ನೇರವಾಗಿ ಬೈಯುವ ಹಾಡು ಹೊರತಂದಿತು. (ಅದರ ಹೆಸರನ್ನೂ ಇಲ್ಲಿ ಅಚ್ಚು ಹಾಕುವಂತಿಲ್ಲ.) ಮರುವರ್ಷ ಎಫ್‌ಬಿಐನ ಹಿರಿಯ ಅಧಿಕಾರಿಯೊಬ್ಬರು ರೆಕಾರ್ಡ್ ಕಂಪನಿಗೆ ಆಕ್ಷೇಪಣೆಯ ಪತ್ರ ಬರೆದರು. ಹಾಡು ಸುಳ್ಳು ಹೇಳುತ್ತಿದೆ ಎಂದುಕೊಂಡವರು 1991ರಲ್ಲಿ, ಅದೇ ಊರಿನ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಬಡಿಯುವ ವಿಡಿಯೋವನ್ನು ಟಿವಿಯಲ್ಲಿ ಕಂಡರು. ಬಡಿದವರು 1992ರಲ್ಲಿ ಖುಲಾಸೆಯಾದಾಗ ಊರು ಹೊತ್ತಿ ಉರಿಯಿತು, 60ಕ್ಕೂ ಹೆಚ್ಚು ಜನ ಸತ್ತರು.

ಆದರೆ ರ‍್ಯಾಪನ್ನು ವಿರೋಧಿಸಿದವರೆಲ್ಲ ಬಿಳಿಯರು, ಅಧಿಕಾರಸ್ಥರು ಎಂದುಕೊಂಡರೆ ಚರಿತ್ರೆಗೆ ಅನ್ಯಾಯ. 1993ರಲ್ಲಿ ಹಾರ್ಲೆಮ್‌ನ ಪ್ರಖ್ಯಾತ ಕಪ್ಪು ಪಾದ್ರಿ ಕ್ಯಾಲ್ವಿನ್ ಬಟ್ಸ್, ಹೊಲಸು ಹಾಡುಗಳ ಕ್ಯಾಸೆಟ್ಟುಗಳ ಮೇಲೆ ರೋಡ್‌ರೋಲರ್ ಹಾಯಿಸುವುದಾಗಿ ಸಾರಿದರು. ರ‍್ಯಾಪ್ ಮೆಚ್ಚುವವರು ಅಡ್ಡ ನಿಂತರು. ಇದಕ್ಕಿಂತ ಗಟ್ಟಿಯಾದ ದನಿ ಸಿ. ಡೆಲೋರಿಸ್ ಟಕರ್ ಎಂಬ ಹಿರಿಯ ಮಹಿಳೆಯದು. ಮಾರ್ಟಿನ್ ಲೂಥರ್ ಕಿಂಗರ ಜೊತೆ ಮೆರವಣಿಗೆಯಲ್ಲಿ ನಡೆದಿದ್ದವರು, ಪೆನ್ಸಿಲ್ವೇನಿಯಾ ಸರಕಾರದಲ್ಲಿ ಉನ್ನತ ಹುದ್ದೆ ಹಿಡಿದಿದ್ದವರು. ಈ ಹಾಡುಗಳಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಾರೆ ನೋಡಿ ಎಂಬುದು ಅವರ ಸಂಕಟ. ಅಂಗಡಿಗಳ ಮುಂದೆ ಧರಣಿ ಕೂತರು. ಟೈಮ್ ವಾರ್ನರ್ ಕಂಪನಿಯ ಷೇರು ಕೊಂಡು ಷೇರುದಾರರ ಸಭೆಯಲ್ಲೇ ಎದ್ದು ನಿಂತು ಕೇಳಿದರು. 1995ರಲ್ಲಿ ಕಂಪನಿಯು ಇಂಟರ್‌ಸ್ಕೋಪ್ ಎಂಬ ರ‍್ಯಾಪ್ ಸಂಸ್ಥೆಯ ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಮರುವರ್ಷ ಅದನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡಿತು, ಹಾಡುಗಳು ಎಂದಿನಂತೆ ಮಾರಾಟವಾದವು.

ಟಕರರ ಮಾತನ್ನು ‘ಮುದುಕಿಗೆ ಕಾಲ ಗೊತ್ತಿಲ್ಲ’ ಎಂದು ಅಂದಿನ ಹುಡುಗರು ತಳ್ಳಿಹಾಕಿದರು, ಕೆಲವರು ಹಾಡಿನಲ್ಲೇ ಅವರನ್ನು ಬೈದರು. ನಾವು ಹಾಗೆ ತಳ್ಳಿಹಾಕಲಾರೆವು. ಬೀದಿಯ ನೋವನ್ನು ಹಾಡಿದೆನೆಂಬ ಹಕ್ಕಿನಿಂದ ಅದೇ ಬೀದಿಯ ಹೆಣ್ಣನ್ನು ಹೀಗಳೆಯುವ ಪರವಾನಗಿ ಯಾರಿಗೂ ಸಿಗುವುದಿಲ್ಲ. ಈ ಪ್ರಶ್ನೆಗೆ ಒಳಗಿನಿಂದಲೇ ಉತ್ತರಿಸಿದವರೂ ಇದ್ದರು. 1993ರಲ್ಲಿ ಬಂದ ಕ್ವೀನ್ ಲತೀಫಾ ಅವರ ‘ಯುನಿಟಿ’ ಹಾಡು ಆ ಬೈಗುಳಗಳನ್ನೇ ಹಿಡಿದು ಗಂಡಸರನ್ನು ತರಾಟೆಗೆ ತೆಗೆದುಕೊಳ್ಳುತ್ತದೆ. ದುರದೃಷ್ಟಕ್ಕೆ, ರೋಡ್‌ರೋಲರಿನ ಸುದ್ದಿಯಷ್ಟು ದೂರ ಅದರ ಸುದ್ದಿ ಹೋಗಲಿಲ್ಲ.

ಆಕ್ಷೇಪಣೆ ಮಾತಿನ ಮೇಲೋ, ಮಾತನಾಡಿದವನ ಮೇಲೋ? ಇದನ್ನು ಒಂದು ಪ್ರಯೋಗದಿಂದಲೇ ಪರೀಕ್ಷಿಸಿದವರಿದ್ದಾರೆ. ಕ್ಯಾರಿ ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞೆ 1996ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಪೊಲೀಸನನ್ನು ಕೊಂದವನ ಕತೆಯಿರುವ ಹಾಡಿನ ಸಾಲುಗಳನ್ನು ಜನರ ಕೈಗೆ ಕೊಟ್ಟರು. ಅದು 1960ರಲ್ಲಿ ಕಿಂಗ್‌ಸ್ಟನ್ ಟ್ರಿಯೊ ಎಂಬ ಬಿಳಿಯರ ಜಾನಪದ ತಂಡ ಹಾಡಿದ್ದ ಹಾಡು. ಇದು ಕಂಟ್ರಿ ಇಲ್ಲವೇ ಜಾನಪದ ಗೀತೆ ಎಂದು ತಿಳಿದು ಓದಿದವರಿಗೆ ಅದರಲ್ಲಿ ಅಷ್ಟೇನೂ ಕೆಡುಕು ಕಾಣಲಿಲ್ಲ. ಅದೇ ಸಾಲುಗಳು ರ‍್ಯಾಪ್ ಎಂದು ತಿಳಿದು ಓದಿದವರು ಇದು ಅಪಾಯಕಾರಿ, ಇದಕ್ಕೆ ಕಡಿವಾಣ ಬೇಕು ಎಂಬತ್ತ ವಾಲಿದರು. ಒಂದಕ್ಷರವೂ ಬದಲಾಗಿರಲಿಲ್ಲ.

ಈ ಅನುಮಾನ ನ್ಯಾಯಾಲಯದೊಳಕ್ಕೆ ಹೋದಾಗ ಅದರ ಬೆಲೆ ತೆತ್ತವರು ಬಹಳ. ಆರೋಪಿ ಬರೆದ ರ‍್ಯಾಪ್ ಸಾಲುಗಳನ್ನೇ ತಪ್ಪೊಪ್ಪಿಗೆಯಂತೆ ಓದಿ ತೋರಿಸುವ ಪದ್ಧತಿ ಅಮೆರಿಕದಲ್ಲಿ ಬೆಳೆಯಿತು. ಕೊಲೆಗಾರನ ಬಾಯಲ್ಲಿ ಕತೆ ಹೇಳಿಸಿದ ಕತೆಗಾರನನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಕತೆ ಬರೆಯುವ ನಮಗೆ ಇದು ಚೆನ್ನಾಗಿ ಗೊತ್ತು, ಆ ರಿಯಾಯಿತಿಯ ನೆರಳಿನಲ್ಲೇ ನಾವು ಬದುಕಿದ್ದೇವೆ. ಈ ಪದ್ಧತಿಗೆ ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನು ಮಾಡಿ ಅಂಕೆ ಹಾಕಿತು. ಆದರೆ 2023ರಲ್ಲಿ ಅಟ್ಲಾಂಟಾದ ನ್ಯಾಯಾಧೀಶರೊಬ್ಬರು ಯಂಗ್ ಥಗ್ ಎಂಬ ರ‍್ಯಾಪರನ ಸಾಲುಗಳನ್ನು ಷರತ್ತಿನ ಮೇಲೆ ಸಾಕ್ಷ್ಯವಾಗಿ ಒಪ್ಪಿದರು. ಇವೆರಡಕ್ಕೂ ಮೊದಲೇ, 2018ರಲ್ಲಿ, ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪರನಿಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿಯೂ ಬಂತು.

ನಮ್ಮ ಓದುಗರಲ್ಲಿ ಕೆಲವರಿಗೆ ಇದೆಲ್ಲ ದೂರದ ಮಾತೆನಿಸಬಹುದು. ಸಂಗೀತದ ಬಗ್ಗೆ ಉಲಮಾಗಳ ನಡುವೆ ಹಳೆಯ ಭಿನ್ನಾಭಿಪ್ರಾಯವಿದೆ, ಅದನ್ನಿಲ್ಲಿ ಕೆದಕುವುದು ಬೇಡ. ಆದರೆ ರ‍್ಯಾಪಿಗೆ ದಾರಿ ಮಾಡಿದವರೆಂದು ಹೇಳಲಾಗುವ, 1968ರಲ್ಲಿ ಹಾರ್ಲೆಮ್‌ನಲ್ಲಿ ಕೂಡಿದ ‘ಲಾಸ್ಟ್ ಪೊಯೆಟ್ಸ್’ ಬಳಗದಲ್ಲಿ ಜಲಾಲುದ್ದೀನ್ ಮನ್ಸೂರ್ ನೂರುದ್ದೀನ್, ಉಮರ್ ಬಿನ್ ಹಸನ್ ಮುಂತಾದ ಮುಸ್ಲಿಮರಿದ್ದರು. ಮಾಸ್ ಡೆಫ್ ಅವರ 1999ರ ಆಲ್ಬಮ್ ಬಿಸ್ಮಿಲ್ಲಾದಿಂದಲೇ ಆರಂಭವಾಗುತ್ತದೆ.

ಇನ್ನೂ ಹತ್ತಿರದ ಮಾತೊಂದಿದೆ. 2010ರ ಕೊನೆಗೆ ಟ್ಯುನೀಶಿಯಾದಲ್ಲಿ ಎಲ್ ಜನರಲ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ, ದೇಶದ ಅಧ್ಯಕ್ಷರನ್ನೇ ಉದ್ದೇಶಿಸಿ, ನಿಮ್ಮ ಜನ ಹಸಿದಿದ್ದಾರೆ ಎಂಬರ್ಥದ ಅರಬೀ ರ‍್ಯಾಪ್ ಹಾಡಿದ. 2011ರ ಜನವರಿಯ ಮೊದಲ ವಾರ ಅವನನ್ನು ಹಿಡಿದೊಯ್ದರು. ಅದೇ ತಿಂಗಳ 14ರಂದು ಅಧ್ಯಕ್ಷ ಬಿನ್ ಅಲಿ ದೇಶ ಬಿಟ್ಟು ಓಡಿಹೋದರು. ಇರಾನಿನ ತೂಮಾಜ್ ಸಾಲೆಹಿಗೆ ಅಷ್ಟು ಬೇಗ ಬಿಡುಗಡೆ ಸಿಗಲಿಲ್ಲ. ಮಹ್ಸಾ ಅಮೀನಿ ಸಾವಿನ ನಂತರದ ಚಳವಳಿಯನ್ನು ಬೆಂಬಲಿಸಿದ್ದಕ್ಕೆ 2022ರಲ್ಲಿ ಬಂಧನವಾಯಿತು. 2024ರ ಏಪ್ರಿಲಿನಲ್ಲಿ ಮರಣದಂಡನೆ ವಿಧಿಸಲಾಯಿತು. ಜೂನಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು, ಡಿಸೆಂಬರಿನಲ್ಲಿ ಅವನು ಹೊರಬಂದ.

ಖಾಲೂಜಾನರಿಗೆ ತೂಮಾಜನ ಸುದ್ದಿಯನ್ನು ಆ ಸಂಜೆಯೇ ಹೇಳಿದೆವು. ಫಾರಸಿ ಅವರಿಗೆ ಪ್ರಾಣ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂಲೆಯಲ್ಲಿದ್ದ ಹುಡುಗನನ್ನು ಕರೆದು, ಅವನ ಫಾರಸಿ ಹಾಡು ಆ ಡಬ್ಬಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದರು.