ಆಂಟ್‌ವರ್ಪ್‌ನಲ್ಲಿ ಓಡಿದ ಬೆಳಗಾವಿಯ ಚೌಗುಲೆ

1920ರ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ಸ್ ಮ್ಯಾರಥಾನ್ ನಡೆಯಿತು. ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಭಾರತ ತಂಡ ಕಟ್ಟಿಕೊಂಡು ಹೋದ ಮೊದಲ ಒಲಿಂಪಿಕ್ಸ್ ಅದು. ಮಗನ ಹೆಸರಿಗೂ ತಂದೆಯ ಹೆಸರಿಗೂ ‘ಅಪ್ಪ’ ಹತ್ತಿರುವುದನ್ನು ನೋಡಿದರೆ ಸಾಕು, ನಮ್ಮ ಸೀಮೆಯ ಮನುಷ್ಯನೆಂದು ಯಾರಾದರೂ ಗುರುತಿಸುತ್ತಾರೆ. ಚೌಗುಲೆ ಎಂಬುದು ಹಳ್ಳಿಯಲ್ಲಿ ಗೌಡರ ಕೈಕೆಳಗೆ ಕೆಲಸ ಮಾಡುತ್ತಿದ್ದವರ ಹುದ್ದೆಯ ಹೆಸರು. ಆದರೂ ಫಡೆಪ್ಪ ಚೌಗುಲೆಯವರ ಹೆಸರು ನಮ್ಮ ಶಾಲೆಗಳ ಕ್ರೀಡಾಕೂಟಗಳಲ್ಲಿ ಕೇಳಿಬರುವುದಿಲ್ಲ.

ಎರಡು ಬಗೆಯ ದಮ್ಮು

ಚೌಗುಲೆ ಮಾಡಿದ್ದೇನೆಂದು ತಿಳಿಯಲು ಮೊದಲು ಓಟದ ಬಗೆಗಳನ್ನು ನೋಡಬೇಕು. ಓಟಗಳಲ್ಲಿ 800 ಮತ್ತು 1500 ಮೀಟರ್ ಮಧ್ಯಮ ದೂರದವು. 5000, 10,000 ಮೀಟರ್ ಹಾಗೂ ಮ್ಯಾರಥಾನ್ ದೂರದ ಓಟಗಳು. ಇವು ದೇಹದಿಂದ ಬೇಡುವುದು ಬೇರೆ ಬೇರೆ. 800 ಮೀಟರ್ ಓಡುವವರು ಹೆಚ್ಚುಕಡಿಮೆ ಪೂರ್ತಿ ವೇಗದಲ್ಲೇ ಇರುತ್ತಾರೆ. ಎಳೆದುಕೊಂಡ ಉಸಿರು ಸ್ನಾಯುಗಳಿಗೆ ಸಾಲುವುದಿಲ್ಲ, ಆಮ್ಲ ಕೂಡಿಕೊಳ್ಳುತ್ತದೆ, ಕೊನೆಯ ನೂರೈವತ್ತು ಮೀಟರ್‌ನಲ್ಲಿ ಕಾಲುಗಳು ಕಲ್ಲಾಗುತ್ತವೆ. ಮ್ಯಾರಥಾನ್‌ನಲ್ಲಿ ಉಸಿರು ಸಾಲುತ್ತದೆ, ಬುತ್ತಿ ಸಾಲುವುದಿಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಸುಮಾರು ಮೂವತ್ತು ಕಿಲೋಮೀಟರ್ ಹೊತ್ತಿಗೆ ಬರಿದಾಗುತ್ತ ಬರುತ್ತದೆ. ಅಲ್ಲಿಂದ ಮುಂದೆ ಕೊಬ್ಬನ್ನು ಕರಗಿಸಿಕೊಂಡು, ಮನಸ್ಸನ್ನು ಗಟ್ಟಿ ಮಾಡಿಕೊಂಡು ಹೋಗಬೇಕು.

ಭಾರತದಲ್ಲಿ ಮೊದಲ ಬಗೆಯ ದಮ್ಮಿಗೆ ದೊಡ್ಡ ಹೆಸರು ಶ್ರೀರಾಮ್ ಸಿಂಗ್ ಅವರದು. 1974 ಮತ್ತು 1978ರ ಏಷ್ಯನ್ ಕ್ರೀಡಾಕೂಟಗಳಲ್ಲಿ 800 ಮೀಟರ್ ಚಿನ್ನ ಗೆದ್ದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಮೊದಲ ಸುತ್ತನ್ನು ಮುಂದಿದ್ದು ನಡೆಸಿ, 1 ನಿಮಿಷ 45.77 ಸೆಕೆಂಡಿನಲ್ಲಿ ಏಳನೆಯವರಾದರು. ಆ ಸಮಯ ರಾಷ್ಟ್ರೀಯ ದಾಖಲೆಯಾಗಿ, 2018ರಲ್ಲಿ ಜಿನ್ಸನ್ ಜಾನ್ಸನ್ ಮುರಿಯುವವರೆಗೆ 42 ವರ್ಷ ಉಳಿಯಿತು. ಎರಡನೆಯ ಬಗೆಯ ದಮ್ಮಿಗೆ ನಮ್ಮಲ್ಲಿ ಮೊದಲು ಸಾಕ್ಷಿಯಾದವರು ಚೌಗುಲೆ.

ಪುಣೆಯ ಬಯಲು

ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಧಾರವಾಡ ಜಿಲ್ಲೆಯೂ ಅದರಲ್ಲೇ ಇತ್ತು. ಇಂದಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳೆಲ್ಲ ಆ ಜಿಲ್ಲೆಯವೇ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಈ ಭಾಗದ ಓಟಗಾರನ ದಾರಿ ಬೆಂಗಳೂರಿನ ಕಡೆಗಲ್ಲ, ಪುಣೆಯ ಕಡೆಗೆ ಹೋಗುತ್ತಿತ್ತು.

ಪುಣೆಯಲ್ಲಿ 1906ರಲ್ಲಿ ಡೆಕ್ಕನ್ ಜಿಮ್ಖಾನಾ ಆರಂಭವಾಗಿತ್ತು. ಅದರ ಅಧ್ಯಕ್ಷರು ಉದ್ಯಮಿ ದೊರಾಬ್ಜಿ ಟಾಟಾ. ಅಲ್ಲಿನ ಕ್ರೀಡಾಕೂಟದಲ್ಲಿ ಅವರು ಕಂಡದ್ದನ್ನು ಮುಂದೆ 1929ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಪತ್ರದಲ್ಲಿ ಬರೆದರು. ಓಡಲು ಬಂದವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಊಟ ಸಾಧಾರಣದ್ದು, ಯುರೋಪಿನ ನಿಯಮ ಗೊತ್ತಿಲ್ಲ, ತರಬೇತಿ ಇಲ್ಲ, ಬರಿಗಾಲು. ಹಾಗಿದ್ದರೂ ಅವರ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ಹತ್ತಿರವಿತ್ತು. ನನ್ನ ಮಟ್ಟಿಗೆ ಭಾರತದ ಒಲಿಂಪಿಕ್ಸ್ ಚರಿತ್ರೆ ಆರಂಭವಾಗುವುದು ಈ ಬರಿಗಾಲಿನಿಂದ. ಎರೆ ಹೊಲದಲ್ಲಿ ಎತ್ತಿನ ಹಿಂದೆ ದಿನವಿಡೀ ನಡೆದವರ ಕಾಲಿಗೆ ದೂರ ಹೊಸದಲ್ಲ. ಗಡಿಯಾರ ಮಾತ್ರ ಹೊಸದು.

ಇಂಥ ಓಟಗಾರರನ್ನು ಆಂಟ್‌ವರ್ಪ್‌ಗೆ ಕಳಿಸಲು ದೊರಾಬ್ಜಿ ಮುಂಬಯಿ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವು ಕೇಳಿದರು, ಒಲಿಂಪಿಕ್ ಸಮಿತಿಯ ಒಪ್ಪಿಗೆ ದೊರಕಿತು. ಖರ್ಚಿನಲ್ಲಿ ದೊಡ್ಡ ಪಾಲನ್ನು ತಾವೇ ಹೊತ್ತರು.

ಆರು ಮಂದಿಯ ತಂಡ

ಆಯ್ಕೆಯಾದವರು ಆರು ಮಂದಿ: ಓಟಗಾರರು ನಾಲ್ವರು, ಕುಸ್ತಿಪಟುಗಳು ಇಬ್ಬರು. ಓಟಗಾರರಲ್ಲಿ ಬಂಗಾಳದ ಪೂರ್ಮಾ ಬ್ಯಾನರ್ಜಿ 100 ಮತ್ತು 400 ಮೀಟರ್‌ಗೆ. ಸದಾಶಿವ ದಾತಾರ್ ಮ್ಯಾರಥಾನ್‌ಗೆ. ಬೆಳಗಾವಿಯ ಚೌಗುಲೆ 10,000 ಮೀಟರ್‌ಗೂ ಮ್ಯಾರಥಾನ್‌ಗೂ. ನಾಲ್ಕನೆಯವರು ಹುಬ್ಬಳ್ಳಿಯ ಎಚ್. ಡಿ. ಕೈಕಿಣಿ. ಇಡೀ ದೇಶದಿಂದ ಆರಿಸಿದ ನಾಲ್ವರು ಓಟಗಾರರಲ್ಲಿ ಇಬ್ಬರು ಬೆಳಗಾವಿ–ಹುಬ್ಬಳ್ಳಿಯವರು! ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕಿತ್ತು. ಕುಸ್ತಿಪಟು ರಣಧೀರ್ ಶಿಂಧೆ ಫೆದರ್‌ವೇಟ್ ವಿಭಾಗದಲ್ಲಿ ನಾಲ್ಕನೆಯ ಸ್ಥಾನದವರೆಗೆ ಹೋದರು.

ಮುಂಬಯಿಯಿಂದ ಹಡಗು ಹತ್ತಿದ ತಂಡ ಮೊದಲು ಲಂಡನ್‌ಗೆ ಹೋಗಿ, ಅಲ್ಲಿ ಕೆಲವು ವಾರ ಅಭ್ಯಾಸ ಮಾಡಿ, ಬಳಿಕ ಆಂಟ್‌ವರ್ಪ್ ತಲುಪಿತು.

42.75 ಕಿಲೋಮೀಟರ್

ಟ್ರ್ಯಾಕ್‌ನ 10,000 ಮೀಟರ್ ಚೌಗುಲೆಯವರ ಕೈಹಿಡಿಯಲಿಲ್ಲ, ಹೀಟ್ಸ್ ಪೂರ್ತಿಗೊಳಿಸಲಾಗಲಿಲ್ಲ. ಆ ಓಟದಲ್ಲೇ ಫಿನ್‌ಲೆಂಡಿನ ಪಾವೊ ನೂರ್ಮಿ ತಮ್ಮ ಮೊದಲ ಒಲಿಂಪಿಕ್ಸ್ ಚಿನ್ನ ಗೆದ್ದರು. ಕೆಲವೇ ದಿನಗಳಲ್ಲಿ ಮ್ಯಾರಥಾನ್ ಬಂತು.

ಇಂದಿನ ಮ್ಯಾರಥಾನ್ 42.195 ಕಿಲೋಮೀಟರ್. ಆಂಟ್‌ವರ್ಪ್‌ನಲ್ಲಿ ಓಡಿಸಿದ್ದು 42.75 ಕಿಲೋಮೀಟರ್. ಒಲಿಂಪಿಕ್ಸ್ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಗೆದ್ದವರು ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮೈನೆನ್, 2 ಗಂಟೆ 32 ನಿಮಿಷ 35.8 ಸೆಕೆಂಡ್. ಎಸ್ಟೋನಿಯದ ಯೂರಿ ಲೊಸ್‌ಮನ್ ಹದಿಮೂರು ಸೆಕೆಂಡ್ ಹಿಂದೆ ಬಂದರು. ದಾತಾರ್ ನಡುದಾರಿಯಲ್ಲಿ ನಿಲ್ಲಿಸಬೇಕಾಯಿತು. ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಮುಗಿಸಿದರು.

ಈ ಅಂಕಿಯನ್ನು ಬಿಡಿಸಿ ನೋಡೋಣ. ಒಂದು ಕಿಲೋಮೀಟರ್‌ಗೆ 4 ನಿಮಿಷಕ್ಕೂ ತುಸು ಕಡಿಮೆ. 400 ಮೀಟರ್ ಸುತ್ತಿಗೆ ಸುಮಾರು 96 ಸೆಕೆಂಡ್. ಅಂಥವು 107 ಸುತ್ತು. ನಮ್ಮ ಹೈಸ್ಕೂಲಿನ ಗಟ್ಟಿ ಹುಡುಗರು ನಾಲ್ಕಾರು ಸುತ್ತು ಈ ಲೆಕ್ಕದಲ್ಲಿ ಓಡಿಯಾರು; ಹತ್ತಕ್ಕೆ ಬರುವಷ್ಟರಲ್ಲಿ ಏದುಸಿರು. ಇಂದಿನ ದೂರಕ್ಕೆ ಇಳಿಸಿದರೆ ಅದೇ ವೇಗದಲ್ಲಿ 2 ಗಂಟೆ 48 ನಿಮಿಷ 32 ಸೆಕೆಂಡ್ ಆಗುತ್ತದೆ. ಮೆತ್ತನೆಯ ಅಟ್ಟೆಯ ಬೂಟು, ಕೈಗಡಿಯಾರ, ಸಕ್ಕರೆ ಜೆಲ್ ಇರುವ ಈ ಕಾಲದಲ್ಲೂ ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸುವುದನ್ನು ಹವ್ಯಾಸಿ ಓಟಗಾರರು ವರ್ಷಗಟ್ಟಲೆಯ ಗುರಿಯಾಗಿ ಇಟ್ಟುಕೊಳ್ಳುತ್ತಾರೆ.

ಆಮೇಲೆ

1924ರ ಪ್ಯಾರಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಭಾರತದ ಮಹಾದೇವ್ ಸಿಂಗ್ 29ನೆಯವರಾದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಕಣ್ಣುಬಿಟ್ಟಿತು, ದೊರಾಬ್ಜಿ ಅಧ್ಯಕ್ಷರಾದರು. ಶ್ರೀರಾಮ್ ಸಿಂಗ್ ಓಡಿದ ಮಾಂಟ್ರಿಯಲ್‌ನಲ್ಲೇ ಶಿವನಾಥ್ ಸಿಂಗ್ ಮ್ಯಾರಥಾನ್‌ನಲ್ಲಿ 11ನೆಯ ಸ್ಥಾನ ಪಡೆದರು. ಅಷ್ಟು ಹೊತ್ತಿಗೆ ಭಾರತದ ಓಟಗಾರರಿಗೆ ಸೇನೆಯ ಆಸರೆ ಇತ್ತು, ಕೋಚ್‌ಗಳಿದ್ದರು. ಚೌಗುಲೆಯವರ ಹತ್ತೊಂಬತ್ತನೆಯ ಸ್ಥಾನವನ್ನು ಇದರ ಪಕ್ಕ ಇಟ್ಟು ತೂಗಿದರೆ ಅದು ಸಣ್ಣ ಸಾಧನೆಯಲ್ಲ.

ಮೋಟೆಬೆನ್ನೂರಿನಲ್ಲಿ ನಿಂತು

ಹಾವೇರಿ ಜಿಲ್ಲೆಯ ನಮ್ಮ ಮೋಟೆಬೆನ್ನೂರು ಇರುವುದು ಬೆಂಗಳೂರು–ಪುಣೆ ಹೆದ್ದಾರಿಯ ಮೇಲೆ. ಇದೇ ದಾರಿ ಉತ್ತರಕ್ಕೆ ಹಾವೇರಿ, ಹುಬ್ಬಳ್ಳಿ, ಬೆಳಗಾವಿ ದಾಟಿ ಪುಣೆಗೆ ಹೋಗುತ್ತದೆ. ದೂರ ಕ್ರಮಿಸಿದ ಒಬ್ಬರನ್ನು ಈ ಊರು ಮರೆತಿಲ್ಲ: ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ. 1911ರಲ್ಲಿ ಇಲ್ಲಿ ಹುಟ್ಟಿ, 1930ರಲ್ಲಿ ಹದಿನೆಂಟರ ಹರೆಯದಲ್ಲಿ ಗಾಂಧೀಜಿಯವರೊಂದಿಗೆ ಸಾಬರಮತಿಯಿಂದ ದಂಡಿಗೆ ಸುಮಾರು 385 ಕಿಲೋಮೀಟರ್ ನಡೆದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರ ಹೆಸರು ಇಲ್ಲಿನ ಮಕ್ಕಳಿಗೆ ಗೊತ್ತಿದೆ, ಏಕೆಂದರೆ ಹಿರಿಯರು ಹೇಳುತ್ತ ಬಂದಿದ್ದಾರೆ. ಚೌಗುಲೆಯವರ ಹೆಸರನ್ನು ಹೇಳುವವರು ಇನ್ನೂ ಬೇಕಾಗಿದ್ದಾರೆ.

ದೈಹಿಕ ಶಿಕ್ಷಕರಲ್ಲಿ ಒಂದು ಕೋರಿಕೆ. ಈ ವರ್ಷ ತಾಲ್ಲೂಕು ಕ್ರೀಡಾಕೂಟದಲ್ಲಿ 1500 ಮೀಟರ್‌ಗೆ ಮಕ್ಕಳನ್ನು ಗೆರೆಯ ಮೇಲೆ ನಿಲ್ಲಿಸಿದಾಗ, ಸೀಟಿ ಊದುವ ಮುಂಚೆ, ಬೆಳಗಾವಿಯ ಫಡೆಪ್ಪ ಚೌಗುಲೆ ಯಾರೆಂದು ಒಂದು ನಿಮಿಷ ಹೇಳಿ.